ಮುರುಗಲು ಶರಬತ್ತು: ನೀರು ತಾಗಿಸಬೇಡಿ, ಬೆಂಕಿ ತೋರಿಸಬೇಡಿ

ಮುರುಗಲು ಹಣ್ಣು ತೊಳೆಯುವುದು ಸುಲಭ, ಒರೆಸುವುದೇ ಕೆಲಸ. ನೂರು ಹಣ್ಣಿದ್ದರೆ ನೂರನ್ನೂ ಒಂದೊಂದಾಗಿ ಹತ್ತಿ ಬಟ್ಟೆಯಲ್ಲಿ ಒರೆಸಬೇಕು. ತೊಟ್ಟಿನ ಗುಳಿಯಲ್ಲಿ ನಿಂತ ಹನಿಯನ್ನೂ ಬಿಡಬಾರದು. ಆಮೇಲೆ ಮೊರದಲ್ಲಿ ಹರವಿ ಫ್ಯಾನಿನ ಕೆಳಗೆ ಒಂದು ತಾಸು ಬಿಡಬೇಕು. ದಾವಣಗೆರೆ ಕಡೆಯಿಂದ ಮದುವೆಯಾಗಿ ಸಿದ್ದಾಪುರದ ಈ ತೋಟದ ಮನೆಗೆ ಬಂದ ಮೊದಲ ವರ್ಷ, ಅತ್ತೆ ಹೀಗೆ ಒರೆಸುತ್ತ ಕೂತಿದ್ದನ್ನು ನೋಡಿ ಇದೇನೋ ಮಡಿಯ ವಿಷಯ ಇರಬೇಕು ಅಂದುಕೊಂಡಿದ್ದೆ. ನಾನು ಸಹಾಯಕ್ಕೆಂದು ಒದ್ದೆ ಕೈಯಲ್ಲೇ ಸೌಟು ಹಿಡಿದು ಭರಣಿಯ ಹತ್ತಿರ ಹೋದಾಗ ಅವರು ಕೂಗಿದ್ದು ಇನ್ನೂ ಕಿವಿಯಲ್ಲಿದೆ: "ಕೂಸೇ, ಒದ್ದೆ ಸೌಟು ಹಾಕಡ, ಎಲ್ಲಾ ಹಾಳಾಗ್ತು!"

ಮಡಿಗೂ ಅದಕ್ಕೂ ಸಂಬಂಧವಿರಲಿಲ್ಲ. ಭರಣಿಯೊಳಗೆ ಹಣ್ಣಿನದೇ ನೀರು ಬಿಟ್ಟು ಬೇರೆ ನೀರು ಒಂದು ಚಮಚ ಹೋದರೂ ಬೂಸಲು ಬರುತ್ತದೆ. ಅದು ಗೊತ್ತಾಗಲು ನನಗೆ ಒಂದು ಬೇಸಿಗೆ ಹಿಡಿಯಿತು.

ಹಣ್ಣಿನ ವಿಷಯ ಮೊದಲು ಹೇಳುತ್ತೇನೆ. ಶಿರಸಿ, ಸಿದ್ದಾಪುರ ಕಡೆ ಮುರುಗಲು ಅನ್ನುವುದನ್ನೇ ಮಂಗಳೂರು ಕಡೆಯವರು ಪುನರ್ಪುಳಿ ಅನ್ನುತ್ತಾರೆ, ಕೊಂಕಣಿಯವರ ಮನೆಯಲ್ಲಿ ಬಿರಿಂಡ, ಪೇಟೆಯ ಬಾಟಲಿಯ ಮೇಲೆ ಕೋಕಂ. ಎಲ್ಲ ಒಂದೇ, ಸಸ್ಯಶಾಸ್ತ್ರದವರ ಗಾರ್ಸಿನಿಯಾ ಇಂಡಿಕಾ. ಪಶ್ಚಿಮ ಘಟ್ಟದ ಮರ. ಇದರದೇ ಕುಲದ ಉಪ್ಪಾಗೆಯೂ ಇಲ್ಲಿ ಸಿಗುತ್ತದೆ. ಅದು ಕುಂಬಳಕಾಯಿಯಂತೆ ಗೆರೆಗೆರೆ ಇರುವ ಕಾಯಿ, ಒಣಗಿಸಿ ಹುಳಿಗೆ ಬಳಸುವುದು. ಶರಬತ್ತಿಗೆ ಅದು ಆಗುವುದಿಲ್ಲ. ಅಪರೂಪಕ್ಕೆ ಬಿಳಿ ಮುರುಗಲೂ ಸಿಗುತ್ತದೆ, ಹಣ್ಣಾದಾಗ ಹಳದಿ. ಅದರ ಶರಬತ್ತು ಕುಡಿಯಲು ಚೆನ್ನಾಗಿಯೇ ಇರುತ್ತದೆ, ಆದರೆ ಬಂದವರು ನಿಂಬೆಹಣ್ಣಿನದೇ ಎಂದು ಕೇಳುತ್ತಾರೆ.

ಮರದಲ್ಲಿ ಹಣ್ಣು ಕೆಂಪಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಕೆಂಪಾದದ್ದಷ್ಟೇ ಸಾಲದು, ಕಪ್ಪಿಗೆ ತಿರುಗಿದ ಕೆಂಪು ಬೇಕು, ಒತ್ತಿದರೆ ಮೆತ್ತಗಾಗಬೇಕು. ಅರ್ಧ ಹಸಿರಿರುವುದನ್ನು ಎರಡು ದಿನ ಬುಟ್ಟಿಯಲ್ಲಿಟ್ಟರೆ ಬಣ್ಣ ತಿರುಗುತ್ತದೆ. ಬಿದ್ದು ಒಡೆದದ್ದು, ಮಂಗ ಕಚ್ಚಿ ಬಿಟ್ಟದ್ದು ಬೇಡವೇ ಬೇಡ. ಕೃತ್ತಿಕೆ ಮಳೆ ಒಂದೆರಡು ಹೊಡೆದ ಮೇಲೆ ಕೊಯ್ದ ಹಣ್ಣಿಗೆ ರುಚಿಯೂ ಸಪ್ಪೆ, ಕೊಳೆಯುವುದೂ ಬೇಗ. ಹಾಗಾಗಿ ನಾವು ಮೇ ಮೊದಲ ವಾರದೊಳಗೆ ಭರಣಿ ಕಟ್ಟಿಬಿಡುತ್ತೇವೆ.

ಒರೆಸಿ ಒಣಗಿದ ಹಣ್ಣನ್ನು ಸ್ಟೀಲಿನ ಚಾಕುವಿನಲ್ಲಿ ಅಡ್ಡಕ್ಕೆ ಎರಡು ಹೋಳು ಮಾಡಿ. ಚೆನ್ನಾಗಿ ಕಳಿತಿದ್ದರೆ ಚಾಕುವೂ ಬೇಡ, ಹೆಬ್ಬೆರಳು ಒತ್ತಿದರೆ ಬಾಯಿ ಬಿಡುತ್ತದೆ. ಮೆಟ್ಟುಗತ್ತಿ ಮಾತ್ರ ಬೇಡ, ಕಬ್ಬಿಣ ತಾಗಿದ ಕಡೆ ಸಿಪ್ಪೆ ಕಪ್ಪಾಗುತ್ತದೆ. ಒಳಗೆ ಬಿಳಿ ತಿರುಳು ಸುತ್ತಿದ ಬೀಜಗಳಿರುತ್ತವೆ. ಅವನ್ನು ಬೆರಳಲ್ಲಿ ತೆಗೆದು ಬೇರೆ ಪಾತ್ರೆಗೆ ಹಾಕಿ. ಮಕ್ಕಳು ಸುತ್ತ ಕೂತಿದ್ದರೆ ಅರ್ಧ ಬೀಜ ಅವರ ಬಾಯಿಗೇ ಹೋಗುತ್ತವೆ, ತಿರುಳು ಹುಳಿಸಿಹಿ ಇರುವುದರಿಂದ. ಕೆಲವರು ತಿರುಳನ್ನೂ ಭರಣಿಗೆ ಸೇರಿಸುತ್ತಾರೆ. ಹಾಗೆ ಮಾಡಿದರೆ ರಸ ಮಬ್ಬಾಗುತ್ತದೆ, ಬೇಗ ಹುದುಗುತ್ತದೆ ಕೂಡ. ನಮಗೆ ಬೇಕಾದದ್ದು ಸಿಪ್ಪೆ ಮಾತ್ರ. ಎರಡು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಸಿಪ್ಪೆ ಸಿಗುತ್ತದೆ.

ಈಗ ಸಕ್ಕರೆ. ಒಂದು ಕಿಲೋ ಸಿಪ್ಪೆಗೆ ಒಂದೂವರೆ ಕಿಲೋ ಸಕ್ಕರೆ. ಈ ಲೆಕ್ಕ ಓದಿ ನಿಮಗೆ ಆದ ಗಾಬರಿಯೇ ನನಗೂ ಆಗಿತ್ತು. ಮೂರನೆಯ ವರ್ಷ ಅತ್ತೆ ಮಗಳ ಬಾಣಂತನಕ್ಕೆ ಹೋಗಿದ್ದರು, ಭರಣಿಯ ಯಜಮಾನಿಕೆ ನನ್ನ ಕೈಗೆ ಬಂತು. ಇಷ್ಟು ಸಕ್ಕರೆ ಯಾಕೆ, ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಕಿಲೋಗೆ ಮುಕ್ಕಾಲು ಕಿಲೋ ಹಾಕಿ, ಹಳೆಯ ಉಪ್ಪಿನಕಾಯಿ ಬಾಟಲಿಗೆ ತುಂಬಿ ಮುಚ್ಚಳ ಬಿಗಿದೆ. ನಾಲ್ಕನೆಯ ದಿನ ಮೇಲೆ ನೊರೆ ಕಂಡಿತು. ಚೆನ್ನಾಗಿ ಕರಗುತ್ತಿದೆ ಎಂದು ಖುಷಿಪಟ್ಟೆ. ಐದನೆಯ ರಾತ್ರಿ ಅಡುಗೆಮನೆಯಲ್ಲಿ ಢಬ್ ಎಂದು ಸದ್ದು. ದೀಪ ಹಾಕಿ ನೋಡಿದರೆ ಮುಚ್ಚಳ ಕಿಟಕಿಯ ಕೆಳಗಿತ್ತು, ಗೋಡೆಯ ಮೇಲೆ ಕೆಂಪು ರಸ ಇಳಿಯುತ್ತಿತ್ತು. ನಮ್ಮವರು ಮೂಸಿ ನೋಡಿ, "ಇದನ್ನ ಅಂಗಡಿಲಿ ಮಾರಲೆ ಲೈಸೆನ್ಸ್ ಬೇಕು" ಎಂದರು.

ಆಗಿದ್ದು ಇಷ್ಟೇ. ಸಕ್ಕರೆ ಅಲ್ಲಿ ಬರೀ ಸಿಹಿಗಲ್ಲ. ಸಿಪ್ಪೆಯೊಳಗಿನ ನೀರನ್ನು ಹೊರಗೆ ಎಳೆಯುವುದೂ ಅದೇ, ಎಳೆದ ರಸ ಕೆಡದಂತೆ ಕಾಯುವುದೂ ಅದೇ. ತೂಕದಲ್ಲಿ ರಸದ ಮೂರರಲ್ಲಿ ಎರಡು ಪಾಲು ಸಕ್ಕರೆಯಾದರೆ ಹುದುಗಿಸುವ ಯೀಸ್ಟಿಗೆ ಅಲ್ಲಿ ಬದುಕುವುದು ಕಷ್ಟ. ಅರ್ಧಕ್ಕೆ ಇಳಿಸಿದರೆ ಅದಕ್ಕೆ ಹಬ್ಬ. ಹಾಗಂತ ಎರಡು ಕಿಲೋ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದರೆ, ಹಾಕುವವರಿದ್ದಾರೆ, ಆದರೆ ಅಷ್ಟನ್ನು ಕರಗಿಸುವ ನೀರು ಸಿಪ್ಪೆಯಲ್ಲಿ ಇರುವುದಿಲ್ಲ, ಹೆಚ್ಚಾದದ್ದು ತಳದಲ್ಲಿ ಹರಳುಗಟ್ಟಿ ಕೂರುತ್ತದೆ. ಸಕ್ಕರೆ ಕಡಿಮೆ ಬೇಕು ಅನ್ನುವವರು ಕುಡಿಯುವಾಗ ರಸ ಕಡಿಮೆ ಹಾಕಿಕೊಳ್ಳಲಿ. ಭರಣಿಯಲ್ಲಿ ಉಳಿತಾಯ ಮಾಡಬಾರದು.

ಭರಣಿ ಪಿಂಗಾಣಿಯದು ಅಥವಾ ಗಾಜಿನದು ಇರಲಿ. ಅಲ್ಯುಮಿನಿಯಂ, ತಾಮ್ರ, ಹಿತ್ತಾಳೆ ಹತ್ತಿರ ಸುಳಿಯಬಾರದು, ಹುಳಿ ಅವನ್ನು ತಿನ್ನುತ್ತದೆ. ತಳಕ್ಕೆ ಒಂದು ಹಿಡಿ ಸಕ್ಕರೆ, ಮೇಲೆ ಒಂದು ಪದರ ಸಿಪ್ಪೆ, ಮತ್ತೆ ಸಕ್ಕರೆ, ಮತ್ತೆ ಸಿಪ್ಪೆ, ಹೀಗೆ ಮುಕ್ಕಾಲು ಭರಣಿ ತುಂಬಿ. ಕೊನೆಯ ಪದರ ಸಕ್ಕರೆಯದೇ ಆಗಬೇಕು, ದಪ್ಪಗೆ. ಬಾಯಿಗೆ ತೆಳು ಪಂಚೆಬಟ್ಟೆ ಕಟ್ಟಿ ಬಿಸಿಲಿಗಿಡಿ. ಇರುವೆ ಬರುತ್ತದೆ, ಬರದೆ ಇದ್ದರೆ ಆಶ್ಚರ್ಯ. ಅಗಲ ತಟ್ಟೆಯಲ್ಲಿ ನೀರು ಹಾಕಿ ನಡುವೆ ಒಂದು ಕಲ್ಲಿಟ್ಟು ಅದರ ಮೇಲೆ ಭರಣಿ ಕೂರಿಸಿ.

ಸಂಜೆಯೊಳಗೆ ಸಕ್ಕರೆ ಒದ್ದೆಯಾಗಿರುತ್ತದೆ, ಮರುದಿನ ತಳದಲ್ಲಿ ಎರಡು ಬೆರಳು ರಸ. ಮೂರನೆಯ ದಿನ ಸಿಪ್ಪೆ ರಸದಲ್ಲಿ ತೇಲುತ್ತಿರುತ್ತದೆ. ದಿನಕ್ಕೊಮ್ಮೆ ಒಣ ಮರದ ಸೌಟಿನಲ್ಲಿ ಅಡಿಮೇಲು ಮಾಡಿ. ಇಷ್ಟೇ ಕೆಲಸ. ಬೇರೇನು ಮಾಡಬೇಕು ಎಂದು ಕೇಳಿದಾಗಲೆಲ್ಲ ಅತ್ತೆ ಹೇಳುತ್ತಿದ್ದುದು, "ಬಿಸಿಲಿಗೆ ಇಟ್ರೆ ಸಾಕು, ಅದೇ ಮಾಡ್ತು." ಏಳು ದಿನಕ್ಕೆ ಸಿಪ್ಪೆ ಸುಕ್ಕಾಗಿ ತೊಗಲಿನಂತಾಗುತ್ತದೆ, ಅಲ್ಲಿಗೆ ಆಯಿತು. ಸಂಜೆ ಮಾತ್ರ ಒಳಗೆ ತರುವುದು ಮರೆಯಬೇಡಿ. ಮೇ ತಿಂಗಳ ಮೋಡವನ್ನು ನಂಬಿ ಅಂಗಳದಲ್ಲಿ ಭರಣಿ ಬಿಟ್ಟು ಊಟಕ್ಕೆ ಕೂರುವಂತಿಲ್ಲ. ನಮ್ಮಲ್ಲಿ ಗುಡುಗಿನ ಮೊದಲ ಸದ್ದಿಗೆ ಎದ್ದು ಓಡುವುದು ಯಾರು ಎಂಬುದಕ್ಕೆ ಸರದಿ ಇದೆ.

ಬಿಸಿಲೇ ಬರದಿದ್ದರೆ? ಒಂದು ವರ್ಷ ಭರಣಿ ಕಟ್ಟಿದ ಮರುದಿನವೇ ಮಳೆ ಹಿಡಿಯಿತು, ನಾಲ್ಕು ದಿನ ಬಿಡಲಿಲ್ಲ. ನಾನು ಬುದ್ಧಿವಂತಿಕೆ ಮಾಡಿ ಎಲ್ಲವನ್ನೂ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟೆ. ಇಪ್ಪತ್ತು ನಿಮಿಷದಲ್ಲಿ ಪಾಕವೇನೋ ಆಯಿತು, ಬಣ್ಣ ಹೋಯಿತು. ಮಾಣಿಕ್ಯದಂತಿದ್ದದ್ದು ಹಳೆಯ ಇಟ್ಟಿಗೆಯ ಬಣ್ಣಕ್ಕೆ ಬಂತು, ಹಣ್ಣಿನ ಪರಿಮಳದ ಜಾಗದಲ್ಲಿ ಜಾಮಿನ ವಾಸನೆ. ಮುರುಗಲಿನ ಕೆಂಪು ಆಂಥೋಸಯಾನಿನ್ ಎಂಬ ಬಣ್ಣದ್ದು, ಅದಕ್ಕೆ ಕಾಯಿಸುವುದು ಆಗದು. ಕುದಿಸಿದರೆ ವರ್ಷಗಟ್ಟಲೆ ಇರುತ್ತದೆ ಎಂದು ವಾದಿಸುವವರು ನೆಂಟರಲ್ಲೇ ಇದ್ದಾರೆ. ಇರಬಹುದು, ಆದರೆ ಉಳಿಯುವುದು ಏನು? ಮೋಡ ಕವಿದರೆ ಭರಣಿಯನ್ನು ಮನೆಯೊಳಗೆ ಬೆಚ್ಚಗಿನ ಜಾಗದಲ್ಲಿಟ್ಟು ದಿನಕ್ಕೆ ಎರಡು ಸಲ ಕೈಯಾಡಿಸಿದರಾಯಿತು. ಸಕ್ಕರೆ ತನ್ನ ಕೆಲಸ ಬಿಡುವುದಿಲ್ಲ, ಏಳು ದಿನದ ಬದಲು ಹನ್ನೆರಡು ಹದಿನೈದು ದಿನ ಹಿಡಿಯುತ್ತದೆ ಅಷ್ಟೆ.

ರಸವನ್ನು ಬಟ್ಟೆಯಲ್ಲಿ ಸೋಸಿ, ತಾನಾಗಿ ಇಳಿಯಲು ಒಂದು ರಾತ್ರಿ ಬಿಡಿ. ಹಿಂಡಿದರೆ ಇನ್ನಷ್ಟು ಸಿಗುತ್ತದೆ, ಅದು ಮಬ್ಬಾಗಿರುತ್ತದೆ, ಅದನ್ನು ಬೇರೆ ಇಟ್ಟು ಮೊದಲು ಖರ್ಚು ಮಾಡಿ. ಒಂದು ಕಿಲೋ ಸಿಪ್ಪೆಗೆ ನಮ್ಮಲ್ಲಿ ಒಂದೂಕಾಲು ಲೀಟರ್ ಆಸುಪಾಸು ಬರುತ್ತದೆ. ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿದ ಗಾಜಿನ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ ಫ್ರಿಜ್ಜಿನಲ್ಲಿಡಿ. ಫ್ರಿಜ್ಜಿನಲ್ಲಿ ಜಾಗವಿಲ್ಲದಿದ್ದರೆ ಕತ್ತಲೆಯ ಬೀರುವಿನಲ್ಲಿ. ಕಿಟಕಿಯಲ್ಲಿ ಸಾಲಾಗಿ ಇಟ್ಟರೆ ನೋಡಲು ಚಂದ, ಬೆಳಕಿಗೆ ಬಣ್ಣ ಮಾಸುತ್ತದೆ. ಜೀರಿಗೆ, ಏಲಕ್ಕಿ ಯಾವುದನ್ನೂ ಬಾಟಲಿಗೆ ಹಾಕಬೇಡಿ. ಎರಡು ತಿಂಗಳಾದ ಮೇಲೆ ಅವುಗಳದೇ ರಾಜ್ಯಭಾರವಾಗುತ್ತದೆ.

ಬಿಸಿಲಲ್ಲಿ ಬಂದವರಿಗೆ ಇಲ್ಲಿ ಕೇಳುವ ಮೊದಲ ಮಾತು "ಆಸರಿಗೆ ಎಂತ ಕೊಡ್ಲಿ?" ಎಂದು, ಅಂದರೆ ಬಾಯಾರಿಕೆಗೆ ಏನು ಕೊಡಲಿ ಎಂದು. ಕೊಡುವ ಲೋಟದ ಅಳತೆ ಹೀಗೆ: ಎರಡು ದೊಡ್ಡ ಚಮಚ ರಸ, ಅಂದರೆ 30 ಮಿಲಿ ಲೀಟರ್. ಅದಕ್ಕೆ 200 ಮಿಲಿ ಲೀಟರ್ ಮಡಕೆಯ ನೀರು. ಎರಡು ಬೆರಳಿಗೆ ಬಂದಷ್ಟು ಉಪ್ಪು. ಉಪ್ಪು ನಾಲಿಗೆಗೆ ಗೊತ್ತಾಗಬಾರದು, ಆದರೆ ಬಿಟ್ಟರೆ ಗೊತ್ತಾಗಬೇಕು. ಬೆವರಿ ಬಂದವರಿಗೆ ಒಂದು ಚೂರು ಜಾಸ್ತಿ. ಹುರಿದ ಜೀರಿಗೆಯನ್ನು ಆಗಲೇ ಅಂಗೈಯಲ್ಲಿ ಉಜ್ಜಿ ಮೇಲೆ ಉದುರಿಸಿ. ಡಬ್ಬಿಯ ಜೀರಿಗೆಪುಡಿಗೆ ಆ ಗಮ ಇಲ್ಲ. ಐಸ್ ಹಾಕುವುದಾದರೆ ರಸ ಇನ್ನರ್ಧ ಚಮಚ ಹೆಚ್ಚಿರಲಿ, ಕರಗಿ ನೀರಾಗುತ್ತದಲ್ಲ.

ಈ ಒಂದು ಲೋಟದಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ, ಐದು ಸಣ್ಣ ಚಮಚ. ಮುರುಗಲಿನಿಂದ ತೂಕ ಇಳಿಯುತ್ತದೆ ಎಂದು ಕೇಳಿ ದಿನಕ್ಕೆ ಮೂರು ಲೋಟ ಏರಿಸುವವರು ಇದನ್ನು ನೆನಪಿಡಲಿ. ಪಿತ್ತಕ್ಕೆ ಒಳ್ಳೆಯದು, ಮೈಮೇಲೆ ಗಂಧೆ ಎದ್ದರೆ ಕುಡಿಯಬೇಕು ಎಂದು ಊರವರೆಲ್ಲ ಹೇಳುತ್ತಾರೆ. ಬಾಯಾರಿಕೆ ಹೋಗುತ್ತದೆ ಎಂಬುದಕ್ಕೆ ಮಾತ್ರ ನಾನು ಸಾಕ್ಷಿ.

ಮಾವನಿಗೆ ಸಕ್ಕರೆ ಕಾಯಿಲೆ. ಅವರಿಗೆ ಬೇರೆ ದಾರಿ, ಹಣ್ಣಿನ ಕಾಲ ಮುಗಿದ ಮೇಲೆ ಪೇಟೆಯಲ್ಲಿರುವವರಿಗೂ ಇದೇ ದಾರಿ: ಒಣ ಸಿಪ್ಪೆ. ಎಂಟು ಹತ್ತು ಸಿಪ್ಪೆಯನ್ನು ಎರಡು ಲೋಟ ನೀರಲ್ಲಿ ಮೂರು ತಾಸು ನೆನೆಸಿ, ಅದೇ ನೀರಲ್ಲಿ ಕಿವುಚಿ ಸೋಸಿ, ಉಪ್ಪು ಜೀರಿಗೆ ಹಾಕಿ ಕೊಡಿ. ಅಂಗಡಿಯ ಒಣ ಸಿಪ್ಪೆಗೆ ಬಹಳ ಸಲ ಉಪ್ಪು ಹಚ್ಚಿಯೇ ಒಣಗಿಸಿರುತ್ತಾರೆ, ಹಾಗಾಗಿ ಮೊದಲು ಒಂದು ಗುಟುಕು ನೋಡಿ ಆಮೇಲೆ ಉಪ್ಪಿನ ಡಬ್ಬಿಗೆ ಕೈ ಹಾಕಿ. ಸಿಹಿ ತಿನ್ನಬಹುದಾದವರು ಬೆಲ್ಲ ಹಾಕಿಕೊಳ್ಳಬಹುದು, ಬಣ್ಣ ಕಂದಾಗುತ್ತದೆ, ರುಚಿ ಬೇರೆಯೇ ಒಂದು ಚಂದ. ತಾಜಾ ಹಣ್ಣಿದ್ದು ಕಾಯುವ ತಾಳ್ಮೆ ಇಲ್ಲದಿದ್ದರೆ ಲೋಟಕ್ಕೆ ಎರಡು ಹಣ್ಣಿನ ಸಿಪ್ಪೆಯನ್ನು ನೀರಲ್ಲೇ ಕಿವುಚಿ ಸಕ್ಕರೆ ಹಾಕಿ ಆಗಲೇ ಕುಡಿಯಿರಿ. ಅದು ನಾಳೆಗೆ ಉಳಿಯುವಂಥದ್ದಲ್ಲ.

ಬಟ್ಟೆಗೆ ಚೆಲ್ಲಿಕೊಂಡರೆ ತಕ್ಷಣ ಬರೀ ತಣ್ಣೀರಲ್ಲಿ ತೊಳೆಯಿರಿ. ನಾನು ಸೋಪು ಹಚ್ಚಿದ್ದೆ, ಕೆಂಪು ಕಲೆ ಕಣ್ಣೆದುರೇ ನೀಲಿಗೆ ತಿರುಗಿತು. ಹುಳಿ ಇರುವಾಗ ಕೆಂಪಾಗಿರುವ ಬಣ್ಣ ಕ್ಷಾರ ತಾಗಿದೊಡನೆ ಬದಲಾಗುತ್ತದೆ. ಆ ಸೀರೆ ಹೋಯಿತು, ಒಂದು ಉಪಾಯ ಸಿಕ್ಕಿತು: ಪೇಟೆಯಿಂದ ತಂದ ಕೋಕಂ ಬಾಟಲಿಯ ಮೇಲೆ ಅನುಮಾನ ಬಂದರೆ ಒಂದು ಚಮಚಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ ನೋಡುತ್ತೇನೆ. ನೊರೆಯೆದ್ದು ಬಣ್ಣ ತಿರುಗಿದರೆ ಹಣ್ಣಿನದು. ಸೋಡಾ ಎಷ್ಟು ಸುರಿದರೂ ಕೆಂಪು ಕೆಂಪಾಗಿಯೇ ಉಳಿದರೆ ಅದು ಬೇರೆ ಎಲ್ಲಿಂದಲೋ ಬಂದ ಕೆಂಪು.

ಸೋಸಿ ಉಳಿದ ಸಿಪ್ಪೆ ಎಸೆಯಬೇಡಿ. ಎರಡು ದಿನ ಬಿಸಿಲಿಗೆ ಹಾಕಿದರೆ ಹುಳಿ ಪೆಪ್ಪರಮಿಂಟಿನಂತಾಗುತ್ತದೆ. ಡಬ್ಬಿ ಎಲ್ಲಿಟ್ಟರೂ ನನ್ನ ಮಗನಿಗೆ ಸಿಗುತ್ತದೆ. ಬೀಜವನ್ನು ಬೂದಿಯಲ್ಲಿ ಉಜ್ಜಿ ತೊಳೆದು ಒಣಗಿಸಿ ಇಡಿ. ಮಳೆಗಾಲದಲ್ಲಿ ಕುಟ್ಟಿ ನೀರಲ್ಲಿ ಕುದಿಸಿದರೆ ಮೇಲೆ ಎಣ್ಣೆ ತೇಲುತ್ತದೆ, ಆರಿದಾಗ ಬಿಳಿ ಮೇಣದಂತೆ ಗಟ್ಟಿಯಾಗುತ್ತದೆ, ಅದೇ ಮುರುಗಲು ತುಪ್ಪ. ಕೆಸರಲ್ಲಿ ಓಡಾಡಿ ಹಿಮ್ಮಡಿ ಒಡೆದವರಿಗೆ ರಾತ್ರಿ ಹಚ್ಚಿಕೊಳ್ಳಲು ಆಗುತ್ತದೆ. ಈ ಸಲದ ಬೀಜ ಇನ್ನೂ ಅಟ್ಟದ ಮೇಲೆಯೇ ಇದೆ, ಕುಟ್ಟುವವರು ಯಾರು ಎಂಬ ಸರದಿ ಮಾತ್ರ ನಿರ್ಧಾರವಾಗಿಲ್ಲ.