ಅಡುಗೆಮನೆಗೆ ಹಾಲಿನ ದುಡ್ಡು, ಉಳಿತಾಯಕ್ಕೆ ಅಟ್ಟದ ಕೊಬ್ಬರಿ: ನನ್ನ ಅನುಭವ

ಡೈರಿಯವರು 15 ದಿನಕ್ಕೊಮ್ಮೆ ಕೊಡೋ ಹಾಲಿನ ದುಡ್ಡು, ಅಂದರೆ ಬಟವಾಡೆಯಲ್ಲಿ ಅಡುಗೆಮನೆ ನಡೆಯಬೇಕು. ಕೊಬ್ಬರಿ ದುಡ್ಡು ಅಡುಗೆಮನೆ ಹೊಸಿಲು ದಾಟಬಾರದು. ನಾನು 2019ರಿಂದ ಹಿಡಿದುಕೊಂಡು ಬಂದ ಲೆಕ್ಕ ಇಷ್ಟೇ. ಶುರು ಮಾಡಿದಾಗ ಮನೆಯಲ್ಲೂ ಒಪ್ಪಲಿಲ್ಲ, ಬೀದಿಯಲ್ಲೂ ಒಪ್ಪಲಿಲ್ಲ. "ಹಾಲಿನ ದುಡ್ಡು ಹಿಂಡಿಗೇ ಸಾಲಲ್ಲ, ಅದರಲ್ಲಿ ಸಂಸಾರ ನಡೆಯುತ್ತಾ ಕಣಮ್ಮ?" ಅಂತ ಮಾವನೇ ಕೇಳಿದ್ದರು. ಈಗ ಅದೇ ಮಾವ ಕೊಬ್ಬರಿ ಯಾವಾಗ ಕೊಡೋಣ ಅಂತ ನನ್ನನ್ನು ಕೇಳಿ ಮಂಡಿಗೆ ಹೋಗುತ್ತಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು ತಾಲ್ಲೂಕಿನ ಹಳ್ಳಿ. ಫಸಲು ಕೊಡೋ ತೆಂಗು ಸುಮಾರು 150, ಎರಡು ಸೀಮೆಹಸು, ಒಂದೂವರೆ ಎಕರೆ ರಾಗಿ ಹೊಲ. ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು. ವರ್ಷಕ್ಕೆ ಹೆಚ್ಚು ಕಡಿಮೆ 10 ಸಾವಿರ ಕಾಯಿ ಒಣಗೋಕೆ ಅಟ್ಟಕ್ಕೆ ಏರುತ್ತೆ. ಸುಲಿದು ಒಡೆದ ಮೇಲೆ 13-14 ಕ್ವಿಂಟಲ್ ಉಂಡೆ ಕೊಬ್ಬರಿ. ತೆಂಗಿನ ಸೀಮೆಯವರಿಗೆ ಇದರ ಮೇಲೆ ಹೇಳಬೇಕಾಗಿಲ್ಲ.

ಮೊದಲು ನಮ್ಮನೆಯಲ್ಲಿ ಏನಾಗುತ್ತಿತ್ತು ಅಂದರೆ, ಜೂನ್ ಬಂದ ಕೂಡಲೇ ಸ್ಕೂಲ್ ಫೀಸು, ಗೊಬ್ಬರ, ಬಿತ್ತನೆ ಎಲ್ಲಾ ಒಟ್ಟಿಗೆ ಬರೋದು. ಕೈಯಲ್ಲಿ ಕಾಸಿರುತ್ತಿರಲಿಲ್ಲ. ಮಂಡಿಯ ಕೊಬ್ಬರಿ ವ್ಯಾಪಾರಿಗಳ ಹತ್ತಿರ ಮುಂಗಡ ತರುತ್ತಿದ್ದೆವು. ಮುಂಗಡ ತಂದ ಮೇಲೆ ಕೊಬ್ಬರಿ ಅವರಿಗೇ ಹಾಕಬೇಕು, ಅವರು ಕೇಳಿದಾಗ ಹಾಕಬೇಕು. ರೇಟು ಬರುತ್ತೆ ಅಂತ ಕಾಯೋ ಹಾಗಿಲ್ಲ. ಅಟ್ಟದಲ್ಲಿ ಒಂದು ವರ್ಷದ ದುಡಿಮೆ ಇದ್ದರೂ ಬೇಳೆ, ಎಣ್ಣೆ ತರೋಕೆ ಅದನ್ನೇ ನಾಲ್ಕು ಮೂಟೆ, ಐದು ಮೂಟೆ ಅಂತ ಇಳಿಸಿ ಮಾರೋದು. ಹೀಗೆ ಚೂರುಚೂರು ಮಾರಿದ ದುಡ್ಡು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಡುಗೆಮನೆಗೆ ಅದರದೇ ಆದಾಯ ಬೇಕು ಅಂತ ನನಗೆ ಅನ್ನಿಸಿದ್ದು ಆಗ. ಖರ್ಚು ಕಡಿಮೆ ಮಾಡಿ ಉಳಿಸ್ತೀನಿ ಅಂತ ಹೊರಟವರು ತುಂಬಾ ಜನ. ನಾನೂ ಮಾಡಿ ನೋಡಿದ್ದೆ. ಕಾಫಿಪುಡಿಯಲ್ಲಿ, ಸೋಪಿನಲ್ಲಿ ಉಳಿಸಿದ್ದು ತಿಂಗಳಿಗೆ 200-300. ಮಂಡಿಯಲ್ಲಿ ತಪ್ಪಿದ ಹೊತ್ತಿಗೆ ಮಾರಿ ಕಳೆದುಕೊಳ್ಳುತ್ತಿದ್ದದ್ದು ಕ್ವಿಂಟಲಿಗೆ ಸಾವಿರಗಟ್ಟಲೆ.

ಮೊದಲು ಮಾಡಿದ ಕೆಲಸ, ಡೈರಿ ಸದಸ್ಯತ್ವ ನನ್ನ ಹೆಸರಿಗೆ ಮಾಡಿಸಿದ್ದು. ಬಟವಾಡೆ ನಮ್ಮ ಯಜಮಾನರ ಖಾತೆಗೆ ಬೀಳುತ್ತಿದ್ದಾಗ ಅದು ಡೀಸೆಲ್ಲಿಗೂ ಹೋಗುತ್ತಿತ್ತು, ಪೈಪಿಗೂ ಹೋಗುತ್ತಿತ್ತು. ಅವರು ದುಂದು ಮಾಡುವವರಲ್ಲ. ಆದರೆ ಒಂದೇ ಖಾತೆಯಲ್ಲಿದ್ದರೆ ಯಾವ ದುಡ್ಡು ಯಾವುದಕ್ಕೆ ಅನ್ನೋದೇ ಉಳಿಯಲ್ಲ. ಹೆಸರು ಬದಲಾಯಿಸೋಕೆ ಎರಡು-ಮೂರು ತಿಂಗಳು ಅಲೆದಾಡಿದೆ. ಇದೊಂದನ್ನು ಮಾಡದೆ ಮುಂದಿನದು ಯಾವುದೂ ನಡೆಯಲ್ಲ, ಇದನ್ನು ಖಂಡಿತವಾಗಿ ಹೇಳ್ತೀನಿ.

ಈಗ ಲೆಕ್ಕ. ಎರಡೂ ಹಸು ಸೇರಿ ದಿನಕ್ಕೆ ಸರಾಸರಿ 13-14 ಲೀಟರ್ ಡೈರಿಗೆ ಹೋಗುತ್ತೆ, ಮನೆಗೆ ಇಟ್ಟುಕೊಂಡು. ಲೀಟರಿಗೆ 32-33 ಅಂತ ಹಿಡಿದರೆ 15 ದಿನದ ಬಟವಾಡೆ ಆರೂವರೆಯಿಂದ ಏಳು ಸಾವಿರ. ಅದರಲ್ಲಿ ಫೀಡು, ಬೂಸ, ಖನಿಜ ಮಿಶ್ರಣಕ್ಕೆ 2,300-2,400 ತೆಗೆದಿಡುತ್ತೇನೆ. ಉಳಿಯೋದು ನಾಲ್ಕೂವರೆ ಸಾವಿರದ ಹತ್ತಿರ. ತಿಂಗಳಿಗೆ 9 ಸಾವಿರ. ರಾಗಿ, ಕಾಯಿ, ಹಾಲು ಮನೆಯದು. ಪಡಿತರದ ಅಕ್ಕಿ ಇದೆ. ಬೇಳೆ, ಎಣ್ಣೆ, ಸಕ್ಕರೆ, ಗ್ಯಾಸು, ಅತ್ತೆಯ ಬಿಪಿ ಮಾತ್ರೆ, ಮಕ್ಕಳ ನೋಟ್‌ಬುಕ್ಕು, ಮೊಬೈಲ್ ಕರೆನ್ಸಿ ಎಲ್ಲಾ ಈ 9 ಸಾವಿರದಲ್ಲೇ ಮುಗಿಯಬೇಕು. ಮುಗಿಯುತ್ತೆ. ತಿಂಗಳ ಕೊನೆಗೆ 500-600 ಮಿಕ್ಕಿದ್ದೂ ಉಂಟು.

ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಇದೆಯಲ್ಲ, ಅದು ಬೇರೆಯಾಗಿ ಬರುತ್ತೆ. ಅದನ್ನು ನಾನು ಆದಾಯ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಅದು ದನದ ದುಡ್ಡು. ಡಾಕ್ಟರು, ಔಷಧಿ, ಇನ್ಶೂರೆನ್ಸು, ಕೊಟ್ಟಿಗೆ ಮ್ಯಾಟು ಎಲ್ಲಾ ಅದರಿಂದಲೇ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಒಂದು ಹಸು ಮಲಗಿಬಿಟ್ಟಿತು. ಮೈ ತುಂಬಾ ಗಂಟು, ಕಾಲು ಊದಿತ್ತು, ಹಾಲು ಎರಡು ಲೀಟರಿಗೆ ಇಳಿದಿತ್ತು. ಬೇವಿನೆಣ್ಣೆ, ಅರಿಶಿನ ಹಚ್ಚುತ್ತಾ ರಾತ್ರಿ ಕೊಟ್ಟಿಗೆಯಲ್ಲೇ ಕೂತಿದ್ದೇವೆ. ಡಾಕ್ಟರಿಗೆ, ಔಷಧಿಗೆ ಏಳೆಂಟು ಸಾವಿರ ಆಯಿತು. ಆ ದುಡ್ಡು ದನದ ಖಾತೆಯಲ್ಲಿ ಇತ್ತು. ಹಸು ಉಳಿಯಿತು. ಅಕ್ಕಪಕ್ಕದಲ್ಲಿ ಕಳೆದುಕೊಂಡವರಿದ್ದಾರೆ, ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತೆ.

ಆದರೆ ಈ ಪದ್ಧತಿ ಮೊದಲ ಎರಡು ವರ್ಷ ನಿಲ್ಲಲೇ ಇಲ್ಲ. ಕಾರಣ ಒಂದೇ. ಎರಡೂ ಹಸು ಹತ್ತಿರಹತ್ತಿರದ ತಿಂಗಳಲ್ಲೇ ಕರು ಹಾಕುತ್ತಿದ್ದವು. ಕರು ಹಾಕೋ ಮುಂಚೆ ಹಾಲು ಕರೆಯೋದು ನಿಲ್ಲಿಸಿ ಬತ್ತಿಸಿದಾಗ ಎರಡೂ ಒಟ್ಟಿಗೆ ಬತ್ತುತ್ತಿದ್ದವು. ಎರಡು ತಿಂಗಳು ಬಟವಾಡೆ ಸೊನ್ನೆ. ಮತ್ತೆ ಅಟ್ಟದ ಮೂಟೆ ಇಳಿಸೋದೇ. "ನಾನು ಹೇಳಲಿಲ್ವಾ" ಅಂತ ಮಾವ ಅಂದದ್ದು ಆಗಲೇ.

ಆಗ ಹಳೇ ಹಸು ಮಾರಿ, ಅದರ ಜಾಗಕ್ಕೆ ಬೇರೆ ತಂದೆವು. ತರುವಾಗ ಹಾಲು ಎಷ್ಟು ಅನ್ನೋದಕ್ಕಿಂತ ಎಷ್ಟು ತಿಂಗಳ ಗಬ್ಬ ಅಂತ ನೋಡಿದೆ. ಮನೆಯ ಹಸು ಯುಗಾದಿ ಹೊತ್ತಿಗೆ ಈಯುತ್ತಿತ್ತು. ದಸರಾ ಹೊತ್ತಿಗೆ ಈಯುವಂಥದ್ದು ಬೇಕಿತ್ತು. 55 ಸಾವಿರ ಕೊಟ್ಟೆವು. ಅದಕ್ಕಿಂತ ಅಗ್ಗಕ್ಕೆ, ಜಾಸ್ತಿ ಹಾಲಿನದ್ದು ಸಿಗುತ್ತಿತ್ತು, ನಮ್ಮ ಯಜಮಾನರಿಗೆ ಅದರ ಮೇಲೇ ಕಣ್ಣಿತ್ತು. ನಾನು ಬಿಡಲಿಲ್ಲ. ಅಂದಿನಿಂದ ಒಂದು ಹಸು ಬತ್ತುವಾಗ ಇನ್ನೊಂದು ತುಂಬು ಹಾಲಿನಲ್ಲಿರುತ್ತೆ. ಅಡುಗೆಮನೆ ನಿಂತದ್ದು ಅಲ್ಲಿಂದ.

ಈ ಅಂತರ ತಾನಾಗಿ ಉಳಿಯಲ್ಲ. ಗಬ್ಬಕ್ಕೆ ಹಾಕಿಸೋ ಸೂಜಿ ಒಂದು ಸಲ ಕಟ್ಟದಿದ್ದರೆ 21 ದಿನ ಮುಂದೆ ಹೋಗುತ್ತೆ, ಎರಡು ಸಲ ತಪ್ಪಿದರೆ ಒಂದೂವರೆ ತಿಂಗಳು. ಹಾಗಾಗಿ ಬೆದೆಗೆ ಬಂದ ದಿನ, ಸೂಜಿ ಹಾಕಿಸಿದ ದಿನ, ಬತ್ತಿಸಬೇಕಾದ ದಿನ ಎಲ್ಲಾ ಅಡುಗೆಮನೆ ಕ್ಯಾಲೆಂಡರಿನಲ್ಲೇ ಬರೆಯುತ್ತೇನೆ. ಒಂದಕ್ಕೆ ತಡವಾದರೆ ಇನ್ನೊಂದಕ್ಕೂ ಒಂದು ಬೆದೆ ಬೇಕಂತಲೇ ಬಿಡುತ್ತೇನೆ. ಡೈರಿ ಕಾರ್ಯದರ್ಶಿ "ಬೆದೆ ಬಿಟ್ಟರೆ ನಷ್ಟ ಕಣಕ್ಕ, ಯಾರಾದ್ರೂ ಬಿಡ್ತಾರಾ?" ಅಂದರು. ಹಾಲಿನ ಲೆಕ್ಕದಲ್ಲಿ ಅವರ ಮಾತು ನಿಜ. ಮನೆ ಲೆಕ್ಕದಲ್ಲಿ ನನ್ನದು ನಿಜ. ಇಪ್ಪತ್ತು ದಿನದ ಹಾಲು ಹೋದರೆ ಹೋಗಲಿ, ಎರಡು ಹಸು ಒಟ್ಟಿಗೆ ಬತ್ತಬಾರದು.

ಕೊಬ್ಬರಿ ಕಡೆ ಬರುತ್ತೇನೆ. ಅಡುಗೆಮನೆ ಅಟ್ಟದ ಕಡೆ ನೋಡೋದು ಬಿಟ್ಟ ಮೇಲೆ ಮಂಡಿ ಮುಂಗಡ ತಂದಿಲ್ಲ. 2021ರ ಸುಮಾರಿಗೆ ಕ್ವಿಂಟಲಿಗೆ 17-18 ಸಾವಿರ ನೋಡಿದ್ದ ಕೊಬ್ಬರಿ 2023ರಲ್ಲಿ 8 ಸಾವಿರದ ಹತ್ತಿರ ಬಿತ್ತು. ಊರಿನ ತುಂಬಾ ಮಂದಿ ಬಂದಷ್ಟಕ್ಕೆ ಕೊಟ್ಟರು, ಬೇರೆ ದಾರಿ ಇರಲಿಲ್ಲ ಅವರಿಗೆ. ನಾವು ತಡೆದೆವು. 2024ರಲ್ಲಿ ಕೇಂದ್ರದ ಬೆಂಬಲ ಬೆಲೆ 12 ಸಾವಿರ, ರಾಜ್ಯದ್ದು ಮೇಲೆ 1,500. ನೋಂದಣಿ ಕ್ಯೂನಲ್ಲಿ ನಮ್ಮ ಯಜಮಾನರು, ಮೈದುನ ಪಾಳಿ ಹಾಕಿಕೊಂಡು ನಿಂತರು. ನಮ್ಮ ಮಾಲು ಹೋಯಿತು. ಇಟ್ಟ ಕೊಬ್ಬರಿಯಲ್ಲಿ ಸ್ವಲ್ಪ ಕೌಟು ಹಿಡಿದು ಕೆಟ್ಟಿತ್ತು, ಅದನ್ನು ಬೇರೆ ಮಾಡಿ ಗಾಣಕ್ಕೆ ಹಾಕಿಸಿದೆವು, ತಲೆಗೆ ಹಚ್ಚೋಕೆ ಎಣ್ಣೆಯಾಯಿತು. ಆಮೇಲೆ 2024ರಲ್ಲಿ ಅಟ್ಟಕ್ಕೆ ಹಾಕಿದ ಕಾಯಿ 2025ರಲ್ಲಿ ಕೊಬ್ಬರಿಯಾದಾಗ ರೇಟು 25 ಸಾವಿರ ದಾಟಿತ್ತು. 8 ಸಾವಿರದ ಲೆಕ್ಕದಲ್ಲಿ ಒಂದು ಲಕ್ಷ ಚಿಲ್ಲರೆ ಬರೋ ಮಾಲಿಗೆ ಮೂರು ಲಕ್ಷದ ಮೇಲೆ ಬಂತು. ರೇಟು ಏರಿಸಿದ್ದು ನಾನಲ್ಲ. ಆದರೆ ಏರಿದ ದಿನ ನಮ್ಮ ಅಟ್ಟದಲ್ಲಿ ಮಾಲು ಇತ್ತು. ಬೀದಿಯಲ್ಲಿ ಎಷ್ಟು ಮನೆಯಲ್ಲಿ ಇತ್ತು?

ಒಂದೇ ಸಲಕ್ಕೆ ಎಲ್ಲಾ ಮಾರಲ್ಲ. ಮೂರು ಪಾಲು ಮಾಡುತ್ತೇವೆ. ಯಾವ ಪಾಲು ಯಾವಾಗ ಬಿಡಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ, ಅದನ್ನು ಇಲ್ಲಿ ಬರೆಯಲ್ಲ. ಹರಾಜಿನ ದಿನ ನಮ್ಮೂರಿನವರೆಲ್ಲಾ ಒಂದೇ ಲೆಕ್ಕ ಹಿಡಿದುಕೊಂಡು ಹೋದರೆ ಅದು ಕೆಲಸಕ್ಕೆ ಬರಲ್ಲ.

ಕೊಬ್ಬರಿ ದುಡ್ಡಿಗೆ ಮೊದಲ ಹಕ್ಕು ಸೊಸೈಟಿ ಬೆಳೆ ಸಾಲದ್ದು. ಬಡ್ಡಿ ಇಲ್ಲ ಅನ್ನೋದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಒಂದು ದಿನವೂ ತಪ್ಪಿಸಲ್ಲ. ಆಮೇಲೆ ತೋಟದ ಗೊಬ್ಬರ, ಕೂಲಿ. ಮೂರನೆಯದು ಪೋಸ್ಟಾಫೀಸು. ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಇದೆ, ವರ್ಷಕ್ಕೆ ಕನಿಷ್ಠ 250 ಕಟ್ಟಿದರೂ ಖಾತೆ ನಡೆಯುತ್ತೆ. ರೇಟು ಬಿದ್ದ ವರ್ಷ ಕಡಿಮೆ ಕಟ್ಟಿದೆ, ಏರಿದ ವರ್ಷ ಒಟ್ಟಿಗೆ ಕಟ್ಟಿದೆ. ನಮ್ಮಂಥ ಏರಿಳಿತದ ಆದಾಯಕ್ಕೆ ಇದು ಚೆನ್ನಾಗಿ ಹೊಂದುತ್ತೆ. ಆರ್‌ಡಿ ತಿಂಗಳುತಿಂಗಳು ಕಟ್ಟಬೇಕು, ಅದಕ್ಕೆ ಗೃಹಲಕ್ಷ್ಮಿಯ 2,000 ಇಟ್ಟಿದ್ದೇನೆ. ಅದು ಎರಡು ಕಂತು ಒಟ್ಟಿಗೆ ಬಂದರೂ ಸರಿ, ತಡವಾಗಿ ಬಂದರೂ ಸರಿ ಅನ್ನೋ ಹಾಗೆ ಮೂರು ತಿಂಗಳ ಕಂತು ಮೊದಲೇ ಖಾತೆಯಲ್ಲಿ ಕೂಡಿಸಿಟ್ಟು ಆಮೇಲೆ ಆರ್‌ಡಿ ಶುರು ಮಾಡಿದೆ. ಈ 2,000 ನಂಬಿಕೊಂಡು ಅಡುಗೆಮನೆ ಖರ್ಚು ಏರಿಸಿಕೊಂಡವರನ್ನು ನೋಡಿದ್ದೇನೆ. ಅದು ಮಾತ್ರ ಬೇಡ.

ಆಗಿ ಬರದ ದಾರಿಗಳನ್ನೂ ಹೇಳಬೇಕು. ಡಬ್ಬಿಗೊಂದು ಹೆಸರು ಬರೆದು ದುಡ್ಡು ಹಾಕೋದು ಮೂರು ತಿಂಗಳಿಗೇ ನಿಂತಿತು, ಒಂದರಿಂದ ಇನ್ನೊಂದಕ್ಕೆ ಕೈಸಾಲ ಶುರುವಾಯಿತು. ದಿನದ ಖರ್ಚನ್ನೆಲ್ಲಾ ಮೊಬೈಲಿನಲ್ಲಿ ಬರೆಯೋದು ಇನ್ನೂ ಬೇಗ ನಿಂತಿತು. ಪರಿಚಯದವರೊಬ್ಬರು ನಡೆಸುತ್ತಿದ್ದ ಚೀಟಿಗೆ ತಿಂಗಳಿಗೆ 2,000 ಕಟ್ಟಿದ್ದೆವು. ಅರ್ಧ ಚೀಟಿ ಆಗೋ ಹೊತ್ತಿಗೆ ಅವರು ಮನೆ ಬಿಟ್ಟು ಹೋದರು. 18 ಸಾವಿರ ಹೋಯಿತು. ಚಿನ್ನದ ವಿಷಯದಲ್ಲಿ ಅತ್ತೆ ಹೇಳಿದ್ದೇ ಸರಿ. "ವರ್ಷಕ್ಕೆ ಒಂದು ಗ್ರಾಂ ಆದರೂ ತಗೋ" ಅನ್ನುತ್ತಿದ್ದರು. 2019ರಲ್ಲಿ ಗ್ರಾಂ ಮೂರೂವರೆ ಸಾವಿರದ ಆಸುಪಾಸು ಇತ್ತು. ಈಗ ಎಲ್ಲಿದೆ ನೋಡಿ. ತಗೊಂಡಿದ್ದು ಸ್ವಲ್ಪವೇ ಆದರೂ ಅದನ್ನು ಅಡ ಇಡಬೇಕಾಗಿ ಬಂದಿಲ್ಲ.

ಮುಯ್ಯಿ ಬಗ್ಗೆ ಯಾರೂ ಬರೆಯಲ್ಲ, ಆದರೆ ಹಳ್ಳಿ ಸಂಸಾರ ತೂತು ಬೀಳೋದು ಅಲ್ಲೇ. ಮಾರ್ಚಿನಿಂದ ಜೂನ್ ತನಕ ಮದುವೆ, ಗೃಹಪ್ರವೇಶ, ನಾಮಕರಣ. ನಮ್ಮ ಮದುವೆಯಲ್ಲಿ ಅವರು 500 ಹಾಕಿದ್ದರೆ ನಾವು ಈಗ 1,000 ಹಾಕಬೇಕು, ಇಲ್ಲದಿದ್ದರೆ ಮುಖ ನೋಡೋಕೆ ಆಗಲ್ಲ. ಅದನ್ನು ಕಡಿಮೆ ಮಾಡು ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ನಮ್ಮ ಕಷ್ಟಕ್ಕೆ ಬರೋರೂ ಅವರೇ ಅಲ್ವಾ? ಇದಕ್ಕೆ ನಾನು ಚಿಪ್ಪಿನ ದುಡ್ಡು ಹಚ್ಚಿದೆ. ಮೊದಲು ಕೊಬ್ಬರಿ ಒಡೆದ ಚಿಪ್ಪು ನೀರೊಲೆಗೆ ಹೋಗುತ್ತಿತ್ತು, ಕೇಳಿದವರಿಗೆ ಸುಮ್ನೆ ಕೊಡುತ್ತಿದ್ದೆವು. ಇದ್ದಿಲು ಮಾಡುವವರು ಮನೆ ಬಾಗಿಲಿಗೇ ಬಂದು ತೂಕ ಹಾಕಿಕೊಂಡು ಹೋಗುತ್ತಾರೆ. ಮಳೆಗೆ ನೆನೆಯದ ಹಾಗೆ, ನಾರು ಮಣ್ಣು ಇಲ್ಲದ ಹಾಗೆ ಇಟ್ಟರೆ ಕೆಜಿಗೆ ಎರಡು ರೂಪಾಯಿ ಜಾಸ್ತಿ ಕೇಳಬಹುದು. ಈಗ ನೀರೊಲೆಗೆ ಮಟ್ಟೆ, ಸೋಗೆ. ಚಿಪ್ಪಿನಿಂದ ವರ್ಷಕ್ಕೆ 10-15 ಸಾವಿರ ಆಗುತ್ತೆ, ಅಷ್ಟೂ ಮುಯ್ಯಿಗೆ. ಮುಯ್ಯಿ ಪುಸ್ತಕ ಅತ್ತೆಯ ಹತ್ತಿರ ಇದೆ, ಯಾರು ಎಷ್ಟು ಹಾಕಿದ್ದರು ಅನ್ನೋದಕ್ಕೆ ಅವರ ಮಾತೇ ಕೊನೆ.

ಫೀಡು ಉಳಿಸೋಕೆ ಅಜೋಲಾ ಬೆಳೆಸಿ ನೋಡಿದೆ. ಟಾರ್ಪಾಲ್ ತೊಟ್ಟಿ, ಸಗಣಿ, ಮಣ್ಣು, ಸ್ವಲ್ಪ ಸೂಪರ್ ಫಾಸ್ಫೇಟ್. ಹದಿನೈದು ದಿನದಲ್ಲಿ ಹಸಿರು ಹಾಸಿಗೆ ಆಯಿತು. ಹಸು ಮೂಸಿ ನೋಡಿ ಮುಖ ತಿರುಗಿಸಿತು. ಸಗಣಿ ವಾಸನೆ ಹೋಗೋ ತನಕ ಮೂರು ನೀರು ತೊಳೆದು ಬೂಸದಲ್ಲಿ ಕಲಸಿ ಕೊಟ್ಟ ಮೇಲೆ ತಿಂತು. ಏಪ್ರಿಲ್ ಬಿಸಿಲಿಗೆ ತೊಟ್ಟಿ ಪೂರಾ ಕೆಂಪಗಾಗಿ ಸತ್ತುಹೋಯಿತು. ತೆಂಗಿನ ನೆರಳಿಗೆ ಸರಿಸಿದರೂ ನಿಲ್ಲಲಿಲ್ಲ. ಈಗ ಮಳೆಗಾಲದಿಂದ ಸಂಕ್ರಾಂತಿ ತನಕ ಮಾತ್ರ ಬೆಳೆಯುತ್ತೇನೆ. ಎರಡು ತಿಂಗಳಿಗೆ ಒಂದು ಮೂಟೆ ಫೀಡು ಉಳಿಯಬಹುದು, ಅಷ್ಟೇ.

ಸಾಮಾನಿಗೆ ನಾವು ಮೂರು ಮನೆ ಹೆಂಗಸರು ಸೇರಿ ತಿಂಗಳಿಗೊಮ್ಮೆ ತಿಪಟೂರಿಗೆ ಹೋಗುತ್ತೇವೆ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಕೊಡೋ ಹಾಗಿಲ್ಲ. ಬೇಳೆ ಮೂಟೆ, ಎಣ್ಣೆ ಟಿನ್ನು ಒಟ್ಟಿಗೆ ತಂದು ಹಂಚಿಕೊಂಡರೆ ಊರಂಗಡಿಗಿಂತ 600-700 ಕಡಿಮೆಗೆ ಆಗುತ್ತೆ. ಯಾವ ಅಂಗಡಿ, ಯಾವ ದಿನ ಅನ್ನೋದು ನಮ್ಮ ಮೂವರಲ್ಲೇ ಇರಲಿ. ಆದರೂ ಊರಂಗಡಿ ಪೂರ್ತಿ ಬಿಟ್ಟಿಲ್ಲ. ರಾತ್ರಿ ಎಂಟಕ್ಕೆ ಉಪ್ಪು ಬೇಕಾದರೆ ಬಾಗಿಲು ತೆಗೆಯೋದು ಅವರೇ.

ಈಗ ಮನೆಯಲ್ಲಿ ಮೂರನೇ ಹಸು ತರೋ ಮಾತು ನಡೆಯುತ್ತಿದೆ. ಕೊಬ್ಬರಿ ದುಡ್ಡಿದೆ, ತರೋಣ ಅಂತ ನಮ್ಮ ಯಜಮಾನರು. ನಾನು ಬೇಡ ಅಂದಿದ್ದೇನೆ. ನಮ್ಮ ಸೀಮೆಹುಲ್ಲು ಎರಡು ಹಸುವಿಗೇ ಸರಿಯಾಗಿದೆ. ಮೂರಾದರೆ ಬೇಸಿಗೆಯಲ್ಲಿ ಮೇವು ಕೊಳ್ಳಬೇಕು, ಆಗ ಬಟವಾಡೆಯಲ್ಲಿ ಅಡುಗೆಮನೆಗೆ ಉಳಿಯೋದು ಇದಕ್ಕಿಂತ ಕಡಿಮೆಯೇ. ಬೋರ್‌ವೆಲ್ ಪಕ್ಕ ಹತ್ತು ಗುಂಟೆ ಹುಲ್ಲು ಮೊದಲು ಹಾಕಿಸಿ, ಒಂದು ಬೇಸಿಗೆ ಕಳೆಯಲಿ, ಆಮೇಲೆ ನೋಡೋಣ ಅಂದೆ. ಮಾವ ಈ ಸಲ ನನ್ನ ಕಡೆ ಇದ್ದಾರೆ.