ಹಿನ್ನೀರಿನಲ್ಲಿ ಹಾಯಿದೋಣಿ ಕಟ್ಟುವ ಬಗೆ

ನನ್ನ 14 ಅಡಿಯ ಹಾಯಿದೋಣಿ ಇರುವುದು ಮೀನಾಕ್ಷಿಪುರದ ಹತ್ತಿರ, ಕೆಆರ್‌ಎಸ್ ಹಿನ್ನೀರಿನ ದಂಡೆಯಲ್ಲಿ. ಮನೆ ಮೈಸೂರಿನ ಕುವೆಂಪುನಗರದಲ್ಲಿ. ಭಾನುವಾರ ಬಿಟ್ಟರೆ ಉಳಿದ ದಿನ ಅದನ್ನು ನೋಡಿಕೊಳ್ಳುವುದು ಹಗ್ಗ ಮಾತ್ರ. ಹಾಗಾಗಿ ಕಟ್ಟುವ ಕೆಲಸಕ್ಕೆ ನಾನು ಅರ್ಧ ಗಂಟೆಯಾದರೂ ಕೊಡುತ್ತೇನೆ.

ಮಂಗಳೂರು, ಕಾರವಾರದ ಕಡೆ ಅಳಿವೆಯ ನೀರು ದಿನಕ್ಕೆ 2 ಸಲ ಏರಿ 2 ಸಲ ಇಳಿಯುತ್ತದೆ. ಅಲ್ಲಿನವರು ಉಬ್ಬರ ಇಳಿತದ ಹೊತ್ತು ನೋಡಿ ದೋಣಿ ಕಟ್ಟುತ್ತಾರೆ. ನಮ್ಮ ಉಬ್ಬರ ವರ್ಷಕ್ಕೊಂದು, ಆದರೆ ದೊಡ್ಡದು. ಅದರ ಲೆಕ್ಕ ದಿನಾ ಪೇಪರಿನಲ್ಲೇ ಬರುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಒಳಹರಿವು ಜಾಸ್ತಿಯಾದರೆ ಹಗ್ಗ ನೋಡಲು ಹೊರಡಬೇಕು. ಕೊಡಗಿನಲ್ಲಿ ಮಳೆ ಹಿಡಿದು, ಹಾರಂಗಿ, ಹೇಮಾವತಿಯಿಂದಲೂ ನೀರು ಬಿಟ್ಟರೆ ಹೋದ ವಾರ ನಿಂತಿದ್ದ ಜಾಗವೇ ಸಿಗುವುದಿಲ್ಲ.

ಇಳಿಯುವಾಗಲೂ ಅಷ್ಟೇ. 50 ಅಡಿಗೆ 1 ಅಡಿ ಇಳಿಜಾರಿರುವ ದಂಡೆಯಲ್ಲಿ ಮಟ್ಟ 1 ಅಡಿ ಇಳಿದರೆ ನೀರು 50 ಅಡಿ ಹಿಂದೆ ಸರಿಯುತ್ತದೆ. ದೋಣಿ ಕೆಸರಿನಲ್ಲಿ ಕೂತುಬಿಡುತ್ತದೆ. ಮೆತ್ತನೆ ಕೆಸರಿನಲ್ಲಿ ಪೂರ್ತಿ ಕೂತರೆ ಚಿಂತೆಯಿಲ್ಲ. ಅರ್ಧ ತೇಲಿ ಅರ್ಧ ಕೂತಿರುವುದೇ ಅಪಾಯ. ಆಗ ಪ್ರತಿ ಅಲೆಯೂ ದೋಣಿಯನ್ನು ಎತ್ತಿ ನೆಲಕ್ಕೆ ಕುಕ್ಕುತ್ತದೆ. ಕೆಳಗೊಂದು ಕಲ್ಲಿದ್ದರೆ ಒಂದೇ ರಾತ್ರಿ ಸಾಕು, ತಳ ಒಡೆಯುತ್ತದೆ.

ಅದಕ್ಕೇ ಜಾಗವನ್ನು ಮೇ ತಿಂಗಳಲ್ಲೇ ಆರಿಸಿ. ನೀರು ತಳ ಕಂಡಾಗ ಬರಿಗಾಲಲ್ಲಿ ನಡೆದು ನೋಡಿ. ಮುಳುಗಿದ ಹೊಲಗಳ ಬದು, ಮರದ ಬೊಡ್ಡೆ, ಕಲ್ಲು ಎಲ್ಲ ಕಾಲಿಗೇ ಸಿಗುತ್ತವೆ.

ಒಂದು ಜುಲೈಯಲ್ಲಿ ಮೂತಿಯ ಹಗ್ಗವನ್ನು ದಂಡೆಯ ಗೂಟಕ್ಕೆ ಗಿಡ್ಡವಾಗಿ ಬಿಗಿದು ಬಂದಿದ್ದೆ. ನಾಲ್ಕು ದಿನ ಬಿಟ್ಟು ಹೋದರೆ ಗೂಟ ಕಾಣಿಸಲಿಲ್ಲ, ಮುಳುಗಿತ್ತು. ಹಗ್ಗ ಮೂತಿಯನ್ನು ಕೆಳಕ್ಕೆ ಜಗ್ಗಿ ಹಿಡಿದಿತ್ತು. ಅಂಚು ನೀರಿನಿಂದ ನಾಲ್ಕು ಬೆರಳಷ್ಟೇ ಮೇಲಿತ್ತು. ಅಲೆ ಬಂದಾಗೆಲ್ಲ ಒಂದೊಂದು ಬೊಗಸೆ ನೀರು ಒಳಗೆ ಬೀಳುತ್ತಿತ್ತು. ನೆನೆದ ಗಂಟು ಬಿಚ್ಚಲು ಬರಲಿಲ್ಲ. ಎದೆಮಟ್ಟ ನೀರಿನಲ್ಲಿ ನಿಂತು ಕುಡುಗೋಲಿನಿಂದ ಕುಯ್ದೆ.

ಈಗ ಮೂತಿಯಿಂದ ಲಂಗರನ್ನು ಆಳದ ಕಡೆ ಬಿಡುತ್ತೇನೆ. ಹಗ್ಗ ಆಳದ 5 ಪಟ್ಟು ಇರಬೇಕು. ಆಳ 6 ಅಡಿ ಇದ್ದರೆ 30 ಅಡಿ. ಆದರೆ ಮಳೆಗಾಲದಲ್ಲಿ ಇನ್ನೂ ಏರಲಿರುವ ನೀರನ್ನೂ ಆಳಕ್ಕೆ ಸೇರಿಸಿಯೇ ಲೆಕ್ಕ ಹಾಕಿ. ಲಂಗರಿನ ಬುಡಕ್ಕೆ ಒಂದೆರಡು ಮಾರು ಸರಪಳಿ ಹಾಕಿದರೆ ಎಳೆತ ನೆಲಕ್ಕೆ ಸಮನಾಗಿ ಬೀಳುತ್ತದೆ, ಲಂಗರು ಕೀಳುವುದಿಲ್ಲ. ಹಿಂಬದಿಯ ಹಗ್ಗ ದಂಡೆಯ ಎತ್ತರದಲ್ಲಿರುವ ಮರಕ್ಕೆ, ಸಡಿಲವಾಗಿ. ಹಗ್ಗ ಅಂಚಿಗೆ ಉಜ್ಜುವ ಕಡೆ ಹಳೇ ಸೈಕಲ್ ಟ್ಯೂಬ್ ಸುತ್ತಿ. ಆಷಾಢದ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಆಗ ಮೂತಿ ಆ ಕಡೆಗೇ ಇರಲಿ.

ಚುಕ್ಕಾಣಿ ಬಿಚ್ಚಿ, ಸೆಂಟರ್‌ಬೋರ್ಡ್, ಅಂದರೆ ತಳದ ನಡುವಿನ ಸೀಳಿನಿಂದ ನೀರಿಗೆ ಇಳಿಬಿಡುವ ಹಲಗೆ, ಮೇಲೆತ್ತಿ. ಕೆಸರಿನಲ್ಲಿ ಕೂತ ದೋಣಿಯ ಸೀಳಿಗೆ ಬೆಣಚುಕಲ್ಲು ಸಿಕ್ಕಿಕೊಂಡಿರುತ್ತದೆ, ತೇಲಿಸುವ ಮುಂಚೆ ಬಿದಿರಿನ ಸೀಳಿನಿಂದ ಕೆದಕಿ ತೆಗೆಯಿರಿ. ಹಾಯಿ ಮನೆಗೆ ತನ್ನಿ.

ಮಳೆ ನೀರನ್ನು ಸುಮ್ನೆ ಬಿಡಬೇಡಿ. 5 ಚದರ ಮೀಟರ್ ತೆರೆದ ದೋಣಿಯಲ್ಲಿ 1 ಅಂಗುಲ ಮಳೆ ಅಂದ್ರೆ ಸುಮಾರು 125 ಲೀಟರ್, ಅಂದ್ರೆ 125 ಕೆಜಿ ಭಾರ ಅಲ್ವಾ? ನಡುವೆ ಎತ್ತರ ಮಾಡಿ ಟಾರ್ಪಾಲು ಬಿಗಿಯಿರಿ.

ಹೊರಡುವ ಮುಂಚೆ ನೀರಿನ ಅಂಚಿನಲ್ಲಿ ಒಂದು ಉದ್ದನೆಯ ಕೋಲು ನೆಟ್ಟು, ನೀರು ಮುಟ್ಟಿದ ಕಡೆ ಕೆಂಪು ಬಟ್ಟೆ ಕಟ್ಟಿ ಬನ್ನಿ. ಮುಂದಿನ ಭಾನುವಾರ ಹಗ್ಗ ಬಿಡಬೇಕೋ ಎಳೆಯಬೇಕೋ ಅದರಲ್ಲೇ ಗೊತ್ತಾಗುತ್ತದೆ.