ಕೆಲಸ ಹೋಯ್ತಾ? ಅರ್ಜಿ ನಾಳೆ ಹಾಕಿ, ಇವತ್ತು ಇಷ್ಟು ಮಾಡಿ

ಕ್ಯಾಲೆಂಡರ್‌ನಲ್ಲಿ ‘ಕ್ವಿಕ್ ಕನೆಕ್ಟ್’ ಅಂತ ಹದಿನೈದು ನಿಮಿಷದ ಮೀಟಿಂಗ್ ಇತ್ತು. ಹೋಗಿ ನೋಡಿದರೆ ಮ್ಯಾನೇಜರ್ ಪಕ್ಕ ಎಚ್‌ಆರ್ ಕೂಡ ಕೂತಿದ್ದರು. ಬೆಂಗಳೂರಿನ ಆ ಐಟಿ ಕಂಪನಿಯಲ್ಲಿ ನನ್ನ 11 ವರ್ಷದ ನೌಕರಿ ಒಂಬತ್ತು ನಿಮಿಷದಲ್ಲಿ ಮುಗಿಯಿತು. ರಾತ್ರಿಯೇ ಕೂತು ಹಳೇ ರೆಸ್ಯೂಮೆಯನ್ನು ನಲವತ್ತು ಕಡೆ ಕಳಿಸಿದೆ. ಒಂದು ಫೋನೂ ಬರಲಿಲ್ಲ. ಆ ಆತುರದಲ್ಲಿ ಬಿಟ್ಟುಹೋದ ಕೆಲಸಗಳೇ ಆಮೇಲೆ ಜಾಸ್ತಿ ಕಾಡಿದವು. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಹಳೇ ಲೆಕ್ಕ

ಲ್ಯಾಪ್‌ಟಾಪ್ ವಾಪಸ್ ಕೊಡುವ ಮೊದಲು ಸ್ಯಾಲರಿ ಸ್ಲಿಪ್, ಫಾರ್ಮ್ 16 (ಸಂಬಳದಲ್ಲಿ ಕಡಿದ ತೆರಿಗೆಯ ಪ್ರಮಾಣಪತ್ರ), ಅಪ್ರೈಸಲ್ ಪತ್ರ ತೆಗೆದಿಟ್ಟುಕೊಳ್ಳಿ. ಕಂಪನಿಯ ಕೋಡ್, ಗ್ರಾಹಕರ ಫೈಲ್ ಮಾತ್ರ ಮುಟ್ಟಬೇಡಿ. ರಿಲೀವಿಂಗ್ ಲೆಟರ್ ಯಾವಾಗ, ಫೈನಲ್ ಸೆಟ್ಲ್‌ಮೆಂಟ್ ಯಾವಾಗ ಅಂತ ಮೇಲ್‌ನಲ್ಲೇ ಕೇಳಿ. ಬಾಯಿಮಾತು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಕಾಯಂ ನೌಕರರಾಗಿ 5 ವರ್ಷ ತುಂಬಿದ್ದರೆ ಗ್ರಾಚ್ಯುಟಿ, ಅಂದರೆ ಸೇವೆಗಾಗಿ ಕಂಪನಿ ಕೊನೆಯಲ್ಲಿ ಕೊಡುವ ಹಣ, ನಿಮ್ಮ ಹಕ್ಕು. ಲೆಕ್ಕ ಸುಲಭ. ಬೇಸಿಕ್, ಡಿಎ ಸೇರಿ ತಿಂಗಳಿಗೆ 52,000 ರೂಪಾಯಿ ಅಂದುಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 2,000. ವರ್ಷಕ್ಕೆ 15 ದಿನದಂತೆ 30,000. 11 ವರ್ಷಕ್ಕೆ 3,30,000. ಎಚ್‌ಆರ್ ಕೊಟ್ಟ ಅಂಕಿಯನ್ನು ಇದರ ಜೊತೆ ತಾಳೆ ನೋಡಿ.

ಪಿಎಫ್ ಹಣ ತೆಗೆಯಬೇಕು ಅಂತ ಕೈ ತುರಿಸುತ್ತದೆ. ಆದರೆ 5 ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳಬಹುದು. ಮುಂದೆ ಪಿಂಚಣಿ ಸಿಗಲು 10 ವರ್ಷದ ಸೇವೆಯೂ ಬೇಕು. ಆದಷ್ಟೂ ಆ ಹಣವನ್ನು ಹೊಸ ಕಂಪನಿಯ ಪಿಎಫ್ ಖಾತೆಗೆ ವರ್ಗಾಯಿಸಿಕೊಳ್ಳಿ. ಯುಎಎನ್ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರ್) ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ಬಿದ್ದಿದೆಯಾ ಅಂತಲೂ ನೋಡಿ. ಕಂಪನಿ ಹಾಕದಿದ್ದರೆ, ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.

ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆಯೋ ಬಿಪಿಯೋ ಇದ್ದರೆ ಇದು ಎಲ್ಲಕ್ಕಿಂತ ಮುಖ್ಯ. ಆಫೀಸಿನ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಹೋಗುತ್ತದೆ. ಅದೇ ವಿಮಾ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಿಸಲು ಆಗುತ್ತದಾ ಅಂತ ಕೊನೆಯ ದಿನಕ್ಕೆ ಮೊದಲೇ ಕೇಳಿ. ಹೊಸದಾಗಿ ಮಾಡಿಸಿದರೆ ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೆ ಕಾಯಬೇಕಾಗಬಹುದು.

ಮನೆಯಲ್ಲಿ ಹೇಳಿ

ನಾನು ಹೇಳಲಿಲ್ಲ. ಹತ್ತು ದಿನ ಬ್ಯಾಗ್ ಹಾಕಿಕೊಂಡು ಹೋಗಿ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಲೈಬ್ರರಿಯಲ್ಲಿ ಕೂತೆ. ಹೆಂಡತಿಗೆ ಗೊತ್ತಾಗಿದ್ದು ಟಿಫನ್ ಬಾಕ್ಸಿನಿಂದ. ವರ್ಷಗಟ್ಟಲೆ ಆಫೀಸ್ ಕ್ಯಾಂಟೀನ್‌ನಲ್ಲಿ ಪುಕ್ಕಟೆ ಊಟ ಮಾಡುತ್ತಿದ್ದವನು ಇದ್ದಕ್ಕಿದ್ದಂತೆ ಬಾಕ್ಸ್ ಕೇಳಿದ್ದೆ! ಅವಳಿಗೆ ಹೇಳಿದ ದಿನವೇ ಇಬ್ಬರೂ ಕೂತು ಬಾಡಿಗೆ, ಇಎಂಐ, ಶಾಲೆ ಫೀಸು ಬರೆದು, ಎಷ್ಟು ತಿಂಗಳು ತಳ್ಳಬಹುದು ಅಂತ ಲೆಕ್ಕ ಹಾಕಿದೆವು.

ರೆಸ್ಯೂಮೆ ಒಂದೇ ಸಾಲಿನಿಂದ ತಿದ್ದಿ

ನನ್ನದರಲ್ಲಿ ಹೀಗಿತ್ತು: ‘ಬ್ಯಾಂಕಿಂಗ್ ಆ್ಯಪ್ ಟೆಸ್ಟಿಂಗ್‌ನ ಜವಾಬ್ದಾರಿ.’ ಜವಾಬ್ದಾರಿ ಎಲ್ಲರಿಗೂ ಇರುತ್ತದೆ. ನೀವು ಮಾಡಿದ್ದೇನು? ತಿದ್ದಿದ ಸಾಲು: ‘ಮೂರು ದಿನ ಹಿಡಿಯುತ್ತಿದ್ದ ಪಾವತಿ ಪರೀಕ್ಷೆಯನ್ನು ಆಟೊಮೇಷನ್‌ನಿಂದ ನಾಲ್ಕು ಗಂಟೆಗೆ ಇಳಿಸಿದೆ.’ ಇಂಥ ನಾಲ್ಕೈದು ಸಾಲು ಸಾಕು. ಕರೆಗಳು ಬರಲು ಶುರುವಾಗಿದ್ದು ಇದಾದ ಮೇಲೆಯೇ. ಅದರಲ್ಲೂ ಜಾಸ್ತಿ ಬಂದಿದ್ದು ಹಳೇ ಸಹೋದ್ಯೋಗಿಗಳು ಕೊಟ್ಟ ರೆಫರಲ್‌ನಿಂದ. ‘ಕೆಲಸ ಇದ್ದರೆ ಹೇಳು ಮಾರಾಯ’ ಅಂದರೆ ಆಗುವುದಿಲ್ಲ. ಯಾವ ಹುದ್ದೆ, ಅದರ ಲಿಂಕ್, ಜೊತೆಗೆ ರೆಸ್ಯೂಮೆ ಕಳಿಸಿದರೆ ಅವರ ಕೆಲಸ ಸುಲಭ.

‘ಯಾಕೆ ಬಿಟ್ಟಿರಿ?’

ಸುಳ್ಳು ಬೇಡ. ಇನ್ನೂ ಅಲ್ಲೇ ಇದ್ದೀನಿ ಅಂದರೆ ಹಿನ್ನೆಲೆ ಪರಿಶೀಲನೆಯಲ್ಲಿ ಪಿಎಫ್ ದಾಖಲೆ ಬಾಯಿ ಬಿಡುತ್ತದೆ. ‘ನಮ್ಮ ಪ್ರಾಜೆಕ್ಟ್ ನಿಲ್ಲಿಸಿದರು, ತಂಡದಲ್ಲಿ ಹಲವರ ಕೆಲಸ ಹೋಯಿತು, ನನ್ನದೂ ಹೋಯಿತು. ಸೋಮವಾರದಿಂದಲೇ ಸೇರಬಹುದು.’ ಇಷ್ಟು ಹೇಳಿ ನಿಲ್ಲಿಸಿ. ಬೇರೆಯವರಿಗೆ 90 ದಿನ ನೋಟಿಸ್ ಇರುವಾಗ ಆ ಕೊನೆಯ ಮಾತಿಗೆ ಬೆಲೆ ಇದೆ. ಹಳೇ ಮ್ಯಾನೇಜರನ್ನು ಬೈಯಲು ಮನೆಯಲ್ಲಿ ಬೇಕಾದಷ್ಟು ಸಮಯ ಸಿಗುತ್ತದೆ.

ದಾರಿ ಬದಲಿಸುವುದಾದರೆ

ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಒಂದೋ ಕೆಲಸ ಬದಲಾಗಲಿ, ಇಲ್ಲವೇ ಕ್ಷೇತ್ರ. ಬ್ಯಾಂಕ್ ಆ್ಯಪ್ ಟೆಸ್ಟ್ ಮಾಡುತ್ತಿದ್ದ ನನಗೆ ಸಾಲ, ಪಾವತಿ, ಬಡ್ಡಿ ಲೆಕ್ಕ ಎಲ್ಲ ಗೊತ್ತಿತ್ತು. ಹಾಗಾಗಿ ಅದೇ ಕ್ಷೇತ್ರದಲ್ಲಿ ಬಿಸಿನೆಸ್ ಅನಲಿಸ್ಟ್ ಕೆಲಸ ಹುಡುಕಿದೆ. ಲಕ್ಷಗಟ್ಟಲೆ ಸುರಿದು ಕೋರ್ಸ್ ಸೇರುವ ಮೊದಲು ಎನ್‌ಪಿಟಿಇಎಲ್ (ಐಐಟಿಗಳ ಆನ್ಲೈನ್ ಕೋರ್ಸ್ ತಾಣ) ಪಾಠಗಳನ್ನು ಪುಕ್ಕಟೆ ನೋಡಿ. ನಾಲ್ಕನೇ ವಾರಕ್ಕೇ ಬೋರ್ ಹೊಡೆದರೆ ದುಡ್ಡಾದರೂ ಉಳಿಯಿತು.

ನೌಕರಿಗೆ ಮೊದಲೇ ದುಡ್ಡು ಕೇಳಿದರೆ, ಅದು ರಿಜಿಸ್ಟ್ರೇಷನ್ ಶುಲ್ಕವಿರಲಿ, ಲ್ಯಾಪ್‌ಟಾಪ್ ಡೆಪಾಸಿಟ್ ಇರಲಿ, ಫೋನ್ ಇಡಿ. ಕೊಟ್ಟು ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆಫರ್ ಲೆಟರ್ ಬಂದಾಗ ಸಂಬಳದ ಅಂಕಿ ನೋಡಿ ಮುಚ್ಚಿಡಬೇಡಿ. ನೋಟಿಸ್ ಅವಧಿ ಎಷ್ಟು, ವೇರಿಯಬಲ್ ಪೇ (ಸಾಧನೆ ನೋಡಿ ಕೊಡುವ, ಖಾತ್ರಿ ಇಲ್ಲದ ಭಾಗ) ಎಷ್ಟು, ವಿಮೆಯಲ್ಲಿ ಅಪ್ಪ ಅಮ್ಮ ಇದ್ದಾರಾ ಅಂತ ಓದಿ. ನನ್ನ ಪತ್ರದಲ್ಲಿ 90 ದಿನ ನೋಟಿಸ್ ಇತ್ತು. ಕೇಳಿದ್ದಕ್ಕೆ 60ಕ್ಕೆ ಇಳಿಸಿದರು. ಸಂಬಳ ಮೊದಲಿಗಿಂತ ಕಮ್ಮಿ. ಕ್ಯಾಂಟೀನ್ ಊಟವೂ ಇಲ್ಲ. ಈಗ ದಿನಾ ಬಾಕ್ಸ್ ಒಯ್ಯುತ್ತೇನೆ.